ಮನಸ್ಸು ಬರಲಿ ಅಂತ ಕಾಯಬೇಡಿ: ಬೆಂಗಳೂರಿನಲ್ಲಿ ಖಿನ್ನತೆಗೆ ಚಿಕಿತ್ಸೆ ಪಡೆಯುವವರಿಗೆ

ಖಿನ್ನತೆಗೆ ಚಿಕಿತ್ಸೆ ಇದೆ. ಬೆಂಗಳೂರಿನಲ್ಲಿ ಅದು ಸಿಗುತ್ತದೆ, ಕೈಯಲ್ಲಿ ದುಡ್ಡು ಕಡಿಮೆ ಇದ್ದರೂ ಸಿಗುತ್ತದೆ. ಕಷ್ಟ ಇರುವುದು ಅಲ್ಲಿಗೆ ಹೋಗಿ ತಲುಪುವುದರಲ್ಲಿ. ಜ್ವರ ಬಂದವರಿಗೆ ಡಾಕ್ಟರ್ ಹತ್ತಿರ ಹೋಗಬೇಕು ಅನ್ನಿಸುತ್ತದೆ. ಖಿನ್ನತೆ ಬಂದವರಿಗೆ ‘ಹೋಗಿ ಏನಾಗಬೇಕಿದೆ’ ಅನ್ನಿಸುತ್ತದೆ. ಹೋಗಬೇಕು ಅನ್ನುವ ಮನಸ್ಸಿಗೇ ಕಾಯಿಲೆ ಬಂದಿರುತ್ತದೆ. ಅದಕ್ಕೇ ನಾನು ಇಲ್ಲಿ ಹೇಳುವುದೆಲ್ಲ ಒಂದೇ ಮಾತಿನ ಸುತ್ತ ಇದೆ: ಮನಸ್ಸು ಬಂದ ಮೇಲೆ ಮಾಡೋಣ ಅಂತ ಯಾವುದನ್ನೂ ಎತ್ತಿಡಬೇಡಿ. ಮನಸ್ಸಿಲ್ಲದಿದ್ದರೂ ಮಾಡಲು ಆಗುವಷ್ಟು ಚಿಕ್ಕದಾಗಿ ಪ್ರತಿ ಹೆಜ್ಜೆಯನ್ನೂ ಮಾಡಿಕೊಳ್ಳಿ.

ನಾನು ಡಿಟಿಪಿ ಕೆಲಸ ಮಾಡುವವಳು. ಚಾಮರಾಜಪೇಟೆಯ ಒಂದು ಪ್ರೆಸ್‌ನಲ್ಲಿ ಮದುವೆ, ಗೃಹಪ್ರವೇಶ, ನಾಮಕರಣ, ವೈಕುಂಠ ಸಮಾರಾಧನೆಯ ಕಾರ್ಡುಗಳನ್ನು ‘ನುಡಿ’ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಪ್ರೂಫ್ ನೋಡುತ್ತೇನೆ. ಮನೆ ಶ್ರೀನಗರದಲ್ಲಿ. ಮನೆಯಲ್ಲಿ ಯಜಮಾನರು, ಅತ್ತೆ, ಹೈಸ್ಕೂಲಿಗೆ ಹೋಗುವ ಮಗಳು. ಖಿನ್ನತೆ ಜೊತೆ ಬದುಕುತ್ತಾ ಕೆಲವು ವರ್ಷಗಳಾದವು. ಈಗ ಚೆನ್ನಾಗಿದ್ದೇನೆ, ಮಾತ್ರೆ ತಗೊಳ್ಳುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ರೋಗಿಯಾಗಿ ಕಂಡದ್ದನ್ನು, ಡಾಕ್ಟರನ್ನು ಕೇಳಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಸಾಯಬೇಕು ಅನ್ನಿಸುತ್ತಿದ್ದರೆ

ಉಳಿದದ್ದನ್ನು ಆಮೇಲೆ ಓದಿ. ಈಗಲೇ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಏನು ಹೇಳಬೇಕು ಅಂತ ಯೋಚಿಸಬೇಡಿ. ‘ನನಗೆ ಬದುಕೋಕೆ ಆಗ್ತಿಲ್ಲ ಅನ್ನಿಸ್ತಿದೆ’ ಅಂದರೆ ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ. ಒಬ್ಬರೇ ಇರಬೇಡಿ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಕ್ಕದ ಮನೆಯ ಬಾಗಿಲು ತಟ್ಟಿ, ಅಲ್ಲಿ ಹೋಗಿ ಕೂತುಕೊಳ್ಳಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ, ಅಪಾಯಿಂಟ್‌ಮೆಂಟ್ ಬೇಕಿಲ್ಲ. ಆಂಬುಲೆನ್ಸ್ ಬೇಕಾದರೆ 108.

ಎಷ್ಟೋ ಮನೆಗಳಲ್ಲಿ ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಆಸ್ಪತ್ರೆಗೆ ಕರೆದುಕೊಂಡು ಹೋಗದೆ ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬೇರೆಯೇ ಹೇಳುತ್ತದೆ. ಪ್ರಾಣ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರಿಗೆ ಚಿಕಿತ್ಸೆ ಕೊಡಿಸಬೇಕು ಅನ್ನುತ್ತದೆ ಅದರ 115ನೇ ಕಲಂ. ಹೆದರಿಕೆಯಿಂದ ಒಂದು ಗಂಟೆಯೂ ಕಳೆಯಬೇಡಿ.

ಬೇಜಾರೋ, ಕಾಯಿಲೆಯೋ

ಬೇಜಾರು ಎಲ್ಲರಿಗೂ ಆಗುತ್ತದೆ. ಡಾಕ್ಟರುಗಳು ನೋಡುವುದು ಮುಖ್ಯವಾಗಿ ಎರಡು ವಿಷಯ. ಎರಡು ವಾರಕ್ಕಿಂತ ಜಾಸ್ತಿ, ಹೆಚ್ಚು ಕಡಿಮೆ ದಿನವಿಡೀ, ಮನಸ್ಸು ಕುಗ್ಗಿಯೇ ಇದೆಯಾ? ಮೊದಲು ಇಷ್ಟವಾಗುತ್ತಿದ್ದದ್ದು ಯಾವುದೂ ಈಗ ಬೇಡವಾಗಿದೆಯಾ? ಇದರ ಜೊತೆಗೆ ನಿದ್ದೆ, ಹಸಿವು, ಸುಸ್ತು, ಗಮನ ನಿಲ್ಲದಿರುವುದು, ಎಲ್ಲದಕ್ಕೂ ನಾನೇ ಕಾರಣ ಅನ್ನಿಸುವುದು, ಸಾವಿನ ಯೋಚನೆ, ಇವುಗಳನ್ನು ಕೇಳುತ್ತಾರೆ. ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಇದೆ, ಕನ್ನಡದಲ್ಲೂ ಸಿಗುತ್ತದೆ. ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರನ್ನು ಕಾಣಬೇಕು ಅಂತ ಅರ್ಥ. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದ್ದು. ಅದಕ್ಕೆ ಹೌದು ಅನ್ನುವ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಹೋಗಲೇಬೇಕು.

ನನಗೆ ಅದು ಅಳುವಾಗಿ ಬರಲಿಲ್ಲ. ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಎಚ್ಚರವಾಗಿ, ಹಾಲಿನವನು ಬರುವವರೆಗೂ ಸೂರು ನೋಡುತ್ತಾ ಮಲಗಿರುವುದಾಗಿ ಬಂತು. ಪ್ರೆಸ್‌ನಲ್ಲಿ ಒಂದು ಮದುವೆ ಕಾರ್ಡಿನ ಪ್ರೂಫ್ ಹಿಡಿದು ‘ಸುಖಾಗಮನ ಬಯಸುವವರು’ ಅನ್ನುವ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದೆ, ಕೆಳಗಿನ ಹೆಸರಿಗೆ ಕಣ್ಣು ಇಳಿಯುತ್ತಲೇ ಇರಲಿಲ್ಲ. ಎದೆ ಭಾರ, ಹೊಟ್ಟೆ ಉಬ್ಬರ. ನಮ್ಮಲ್ಲಿ ಇದನ್ನು ‘ಗ್ಯಾಸ್ಟ್ರಿಕ್’ ಅಂತ ಹೇಳಿ ಮಾತ್ರೆ ನುಂಗುತ್ತಾ ತಿಂಗಳುಗಟ್ಟಲೆ ಕಳೆಯುವವರು ತುಂಬಾ ಜನ. ಸುಸ್ತು, ಬೆನ್ನುನೋವು, ತಲೆನೋವು, ಯಾವ ಪರೀಕ್ಷೆಯಲ್ಲೂ ಏನೂ ಸಿಗುತ್ತಿಲ್ಲ ಅಂದರೆ ಮನಸ್ಸಿನ ಕಡೆಗೂ ಒಮ್ಮೆ ನೋಡಬೇಕು. ಗಂಡಸರಲ್ಲಿ ಇದು ಸಿಟ್ಟಾಗಿ, ಕುಡಿತವಾಗಿ ಹೊರಗೆ ಬರುವುದೂ ಉಂಟು.

ನೇರವಾಗಿ ಮನೋವೈದ್ಯರ ಹತ್ತಿರ ಹೋಗಲು ಕಾಲು ಏಳದಿದ್ದರೆ ನಿಮ್ಮ ಬೀದಿಯ ಡಾಕ್ಟರ್ ಹತ್ತಿರವೇ ಶುರು ಮಾಡಿ. ಹೀಮೊಗ್ಲೋಬಿನ್, ಥೈರಾಯ್ಡ್, ವಿಟಮಿನ್ ಬಿ12 ನೋಡಿಸಿ. ಥೈರಾಯ್ಡ್ ಕಡಿಮೆಯಾದರೂ ಮನಸ್ಸು ಹೀಗೇ ಕುಗ್ಗುತ್ತದೆ. ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆ ಇರುವುದು ಸಾಮಾನ್ಯ. ಬಾಣಂತಿಯರಾದರೆ ಕಾಯಲೇಬೇಡಿ. ‘ಹೆರಿಗೆ ಆದಮೇಲೆ ಎಲ್ಲರಿಗೂ ಹೀಗೇ’ ಅಂತ ಅಮ್ಮನೋ ಅತ್ತೆಯೋ ಹೇಳಿದರೂ, ಎರಡು ವಾರ ದಾಟಿದರೆ ತೋರಿಸಿ.

2015–16ರಲ್ಲಿ ನಿಮ್ಹಾನ್ಸ್ ಮುಂದೆ ನಿಂತು 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಅದರ ಪ್ರಕಾರ 20 ಜನರಲ್ಲಿ ಒಬ್ಬರಿಗೆ ಖಿನ್ನತೆ. ನಾನು ದಿನಾ ಹತ್ತುವ ಬಸ್ಸಿನಲ್ಲಿ ಸೀಟುಗಳೆಲ್ಲ ತುಂಬಿದ್ದರೆ ಅದರಲ್ಲಿ ಇಬ್ಬರಾದರೂ ಹೀಗೆ ಇರುತ್ತಾರೆ ಅಂತಾಯಿತು. ಇದನ್ನು ತಿಳಿದಾಗ ನನಗೆ ಸಮಾಧಾನ ಆಗಲಿಲ್ಲ, ಸಂಕಟ ಆಯಿತು. ಅಷ್ಟು ಜನ ಸುಮ್ನೆ ಟಿಕೆಟ್ ತಗೊಂಡು ಕಿಟಕಿ ಹೊರಗೆ ನೋಡುತ್ತಾ ಕೂತಿರುತ್ತಾರಲ್ಲ ಅಂತ.

ಮೊದಲು ಒಬ್ಬರಿಗೆ ಹೇಳಿ

ಎಲ್ಲರಿಗೂ ಹೇಳಬೇಕಿಲ್ಲ, ಒಬ್ಬರಿಗೆ ಸಾಕು. ಯಾರು ನಿಮಗೆ ಬುದ್ಧಿವಾದ ಕಡಿಮೆ ಹೇಳುತ್ತಾರೋ ಅವರನ್ನು ಆರಿಸಿಕೊಳ್ಳಿ. ನನಗೆ ಅದು ವಿಜಯನಗರದಲ್ಲಿರುವ ಅಕ್ಕ. ‘ಅಕ್ಕ, ನಂಗೆ ಮನಸ್ಸಿಗೇ ಹುಷಾರಿಲ್ಲ. ಡಾಕ್ಟರ್ ಹತ್ರ ಹೋಗ್ಬೇಕು. ನೀನು ಜೊತೆಗೆ ಬಾ’ ಅಂದೆ. ಇಷ್ಟೇ. ಕಾರಣ ಹೇಳಲು ಹೋಗಬೇಡಿ. ಕಾರಣ ಹೇಳಿದರೆ ಕೇಳುವವರು ಆ ಕಾರಣಕ್ಕೆ ಪರಿಹಾರ ಹುಡುಕಲು ಶುರು ಮಾಡುತ್ತಾರೆ. ನಿಮಗೆ ಬೇಕಾದದ್ದು ಜೊತೆಗೆ ಬರುವ ಒಬ್ಬ ಮನುಷ್ಯ. ಅದನ್ನೇ ನೇರವಾಗಿ ಕೇಳಿ. ಬಾಯಲ್ಲಿ ಮಾತು ಹೊರಡದಿದ್ದರೆ ಇದೇ ಸಾಲುಗಳನ್ನು ವಾಟ್ಸಾಪ್ ಮಾಡಿ.

ಅಪಾಯಿಂಟ್‌ಮೆಂಟ್ ಕೂಡ ಅವರೇ ತಗೊಳ್ಳಲಿ. ಯಾವ ಡಾಕ್ಟರು, ಯಾವ ದಿನ, ಆಟೋನೋ ಬಸ್ಸೋ, ಇವೆಲ್ಲ ಹುಷಾರಾಗಿರುವವರಿಗೆ ಸಣ್ಣ ವಿಷಯ. ಆ ಹೊತ್ತಿನಲ್ಲಿ ನಮಗೆ ಅದು ಬೆಟ್ಟ.

ಮನೆಯ ಹಿರಿಯರ ವಿಷಯ. ನಮ್ಮ ಅತ್ತೆ ಇದಕ್ಕೆ ದೃಷ್ಟಿ ಅಂದರು. ಬನಶಂಕರಿ ದೇವಸ್ಥಾನದಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಬೇಕು ಅಂದರು. ನಾನು ಅವರ ಜೊತೆ ಹೋದೆ, ದೀಪ ಹಚ್ಚಿದೆ. ಆಸ್ಪತ್ರೆಗೂ ಹೋದೆ. ಅವರು ಪ್ರೀತಿಯಿಂದ ಹೇಳಿದ್ದು, ಅವರ ಜೊತೆ ವಾದಕ್ಕೆ ನಿಲ್ಲುವ ಶಕ್ತಿಯೂ ನನ್ನಲ್ಲಿರಲಿಲ್ಲ. ನನ್ನ ಅಭಿಪ್ರಾಯ ಇಷ್ಟು: ಹರಕೆ, ಪೂಜೆ, ದರ್ಗಾ, ಚರ್ಚು, ಯಾವುದನ್ನೂ ಬಿಡಬೇಕಿಲ್ಲ. ಆದರೆ ‘ಇದು ಮುಗಿದಮೇಲೆ ಡಾಕ್ಟರು’ ಅಂತ ಸಾಲಿನಲ್ಲಿ ನಿಲ್ಲಿಸಬೇಡಿ. ಎರಡೂ ಒಟ್ಟಿಗೆ ನಡೆಯಲಿ. ಮಾತ್ರೆ ನಿಲ್ಲಿಸು ಅಂತ ಹೇಳುವವರು ಯಾರೇ ಆಗಿರಲಿ, ಆ ಒಂದು ಮಾತನ್ನು ಮಾತ್ರ ಕೇಳಬೇಡಿ.

ಯಾರ ಹತ್ತಿರ, ಎಲ್ಲಿಗೆ

ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಓದಿ ಆಮೇಲೆ ಮನೋವೈದ್ಯಶಾಸ್ತ್ರ ಓದಿದವರು. ಮಾತ್ರೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಮೂಲಕ ಚಿಕಿತ್ಸೆ ಕೊಡುವವರು. ಅವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು. ಕೌನ್ಸೆಲರ್ ಅನ್ನುವ ಬೋರ್ಡನ್ನು ಈಗ ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ. ಹಾಗಾಗಿ ಏನು ಓದಿದ್ದೀರಿ ಅಂತ ಕೇಳಿ. ಕೇಳಿದರೆ ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ. ಖಿನ್ನತೆ ಕಡಿಮೆ ಮಟ್ಟದ್ದಾದರೆ ಮಾತಿನ ಚಿಕಿತ್ಸೆಯೇ ಸಾಕಾಗಬಹುದು. ಊಟ, ನಿದ್ದೆ, ಕೆಲಸ ಎಲ್ಲ ಕೆಟ್ಟಿದ್ದರೆ, ಸಾವಿನ ಯೋಚನೆ ಇದ್ದರೆ, ಮೊದಲು ಮನೋವೈದ್ಯರು.

ಬೆಂಗಳೂರಿನಲ್ಲಿ ನಿಮ್ಹಾನ್ಸ್ ಒಂದೇ ಅಲ್ಲ. ವಿಕ್ಟೋರಿಯಾ, ಬೌರಿಂಗ್ ಸರ್ಕಾರಿ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇದೆ. ವಿ.ವಿ.ಪುರದ ಕಿಮ್ಸ್, ಕೋರಮಂಗಲದ ಸೇಂಟ್ ಜಾನ್ಸ್, ಮತ್ತಿಕೆರೆ ಕಡೆಯ ಎಂ.ಎಸ್.ರಾಮಯ್ಯದಂಥ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಇದೆ. ಮನೆಗೆ ಹತ್ತಿರ ಯಾವುದೋ ಅದನ್ನೇ ಆರಿಸಿ, ಏಕೆಂದರೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ. ಆಸ್ಪತ್ರೆ ಅನ್ನುವುದೇ ಹೆದರಿಕೆಯಾದರೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನವರದ್ದೇ ಯೋಗಕ್ಷೇಮ ಕೇಂದ್ರ ಇದೆ. ಅಲ್ಲಿ ವಾರ್ಡುಗಳಿಲ್ಲ, ಕೂತು ಮಾತಾಡುವ ಜಾಗ. ಊರಲ್ಲಿರುವ ಅಪ್ಪ ಅಮ್ಮನಿಗೆ ಬೇಕಾದರೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಅಲ್ಲೇ ವಿಚಾರಿಸಿ.

ಖಾಸಗಿ ಕ್ಲಿನಿಕ್ಕಾದರೆ ಫೀಸ್ ಎಷ್ಟು, ಮೊದಲ ಭೇಟಿಗೆ ಎಷ್ಟು ಹೊತ್ತು ಕೊಡುತ್ತಾರೆ ಅಂತ ಫೋನಿನಲ್ಲೇ ಕೇಳಿ. ನಾನು ಹೋದ ಒಂದು ಕಡೆ ಡಾಕ್ಟರು ತಲೆ ಎತ್ತಿ ನೋಡದೆ ಚೀಟಿ ಬರೆದುಕೊಟ್ಟರು. ಅಕ್ಕ ಹೊರಗೆ ಬಂದ ಕೂಡಲೇ ‘ಇವರು ಬೇಡ’ ಅಂದಳು. ಡಾಕ್ಟರನ್ನು ಬದಲಾಯಿಸಬಹುದು. ಚಿಕಿತ್ಸೆಯನ್ನು ಬಿಡಬಾರದು.

ನಿಮ್ಹಾನ್ಸ್‌ನಲ್ಲಿ ಮೊದಲ ದಿನ

ಬೆಂಗಳೂರಿನಲ್ಲಿ ಬೆಳೆದವರಿಗೆ ನಿಮ್ಹಾನ್ಸ್ ಅನ್ನುವುದು ಬೈಗುಳವಾಗಿಯೇ ಮೊದಲು ಕಿವಿಗೆ ಬಿದ್ದಿರುತ್ತದೆ. ಹಳೆಯ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಇದ್ದ ಜಾಗ ಅದು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಮನಸ್ಸಿಗೆ ಮಾತ್ರ ಅಲ್ಲ, ಮಿದುಳು ಮತ್ತು ನರಗಳಿಗೂ ಅದೇ ಆಸ್ಪತ್ರೆ. ಫಿಟ್ಸ್, ಪಾರ್ಶ್ವವಾಯು, ತಲೆಗೆ ಏಟು, ಎಲ್ಲರೂ ಅದೇ ಗೇಟಿನಲ್ಲಿ ಬರುತ್ತಾರೆ. ನೆಂಟರು ಯಾರಾದರೂ ನೋಡಿಬಿಟ್ಟರೆ ಅನ್ನುವ ಚಿಂತೆ ಇದ್ದರೆ ಇದು ನೆನಪಿರಲಿ.

ಭಾನುವಾರ ಮತ್ತು ಸರ್ಕಾರಿ ರಜೆ ಬಿಟ್ಟು ಬೆಳಿಗ್ಗೆ ಬೇಗ ಹೋಗಿ. ಎಂಟು ಗಂಟೆಯ ಹೊತ್ತಿಗೆ ಕೌಂಟರ್ ಹತ್ತಿರ ಇದ್ದರೆ ಒಳ್ಳೆಯದು. ಆ ದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ, ಪೂರ್ತಿ ದಿನ ಹೋಗಬಹುದು. ಆಧಾರ್, ಬಿಪಿಎಲ್ ಕಾರ್ಡ್ ಇದ್ದರೆ ಅದು, ಹಳೆಯ ಚೀಟಿಗಳು, ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು, ನೀರು, ತಿಂಡಿ ಡಬ್ಬಿ ಇಟ್ಟುಕೊಳ್ಳಿ. ಮುಖ್ಯವಾಗಿ, ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರು ಜೊತೆಗಿರಲಿ. ಡಾಕ್ಟರು ಅವರನ್ನೂ ಕೇಳುತ್ತಾರೆ.

ಮೊದಲು ಒಬ್ಬ ಕಿರಿಯ ಡಾಕ್ಟರು ಕೂರಿಸಿಕೊಂಡು ವಿವರವಾಗಿ ಕೇಳಿ ಬರೆದುಕೊಳ್ಳುತ್ತಾರೆ. ಆಮೇಲೆ ಹಿರಿಯರು ನೋಡುತ್ತಾರೆ. ಹೇಳಿದ್ದನ್ನೇ ಮತ್ತೆ ಹೇಳಬೇಕಾಗುತ್ತದೆ. ನಂಬದೆ ಕೇಳುತ್ತಿದ್ದಾರೆ ಅಂತ ಅಂದುಕೊಳ್ಳಬೇಡಿ, ಅದು ಅಲ್ಲಿನ ಪದ್ಧತಿ. ಕುಡಿತ, ಮುಟ್ಟು, ಗಂಡ ಹೆಂಡತಿ ವಿಷಯ, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತಾ, ಎಲ್ಲ ಕೇಳುತ್ತಾರೆ. ಒಂದು ಪ್ರಶ್ನೆಗೆ ಮಾತ್ರ ತುಂಬಾ ಯೋಚಿಸಿ ಉತ್ತರ ಕೊಡಿ: ಹಿಂದೆ ಯಾವಾಗಲಾದರೂ ಹಲವು ದಿನ ನಿದ್ದೆಯೇ ಬೇಡ ಅನ್ನಿಸಿ, ವಿಪರೀತ ಉತ್ಸಾಹ ಬಂದು, ಸಿಕ್ಕಾಪಟ್ಟೆ ಮಾತು, ಸಿಕ್ಕಾಪಟ್ಟೆ ಖರ್ಚು ಆಗಿತ್ತಾ? ಆಗಿದ್ದರೆ ಕಾಯಿಲೆಯ ಹೆಸರೂ ಬೇರೆ, ಮಾತ್ರೆಯೂ ಬೇರೆ. ಅದನ್ನು ಮುಚ್ಚಿಟ್ಟು ಖಿನ್ನತೆಯ ಮಾತ್ರೆ ಮಾತ್ರ ತಗೊಂಡರೆ ಆ ಉತ್ಸಾಹ ಕೆರಳಬಹುದು.

ಒಂದು ಹಾಳೆ ಬರೆದುಕೊಂಡು ಹೋಗಿ

ನನ್ನನ್ನು ಕೇಳಿದರೆ ಈ ಇಡೀ ಬರಹದಲ್ಲಿ ಇದೇ ಎಲ್ಲಕ್ಕಿಂತ ಉಪಯೋಗದ್ದು. ಡಾಕ್ಟರ ಮುಂದೆ ಕೂತಾಗ ಮಾತು ಮರೆಯುತ್ತದೆ, ಇಲ್ಲವೇ ಅಳು ಬರುತ್ತದೆ, ಇಲ್ಲವೇ ‘ಏನಿಲ್ಲ, ಸ್ವಲ್ಪ ನಿದ್ದೆ ಬರಲ್ಲ’ ಅಂದು ಎದ್ದು ಬಂದುಬಿಡುತ್ತೇವೆ. ನಾನು ಮನೆಯಲ್ಲೇ ಒಂದು ಎ4 ಹಾಳೆಯಲ್ಲಿ ಟೈಪ್ ಮಾಡಿಕೊಂಡು ಹೋಗಿದ್ದೆ. ಅದರಲ್ಲಿ ಇದ್ದದ್ದು ಹೀಗೆ:

ಯಾವಾಗಿನಿಂದ: ದೀಪಾವಳಿ ಆದಮೇಲಿಂದ, ಮೆಲ್ಲಗೆ ಶುರುವಾಯಿತು.
ನಿದ್ದೆ: ಬರುತ್ತದೆ, ಮೂರೂವರೆಗೆ ಎಚ್ಚರ, ಮತ್ತೆ ಬರುವುದಿಲ್ಲ.
ಊಟ: ರುಚಿ ಇಲ್ಲ. ಬ್ಲೌಸು ಸಡಿಲವಾಗಿದೆ.
ಕೆಲಸ: ಓದಿದ್ದು ತಲೆಗೆ ಹತ್ತುತ್ತಿಲ್ಲ. ಪ್ರೂಫಿನಲ್ಲಿ ತಪ್ಪು ಕಾಣುತ್ತಿಲ್ಲ.
ಮನೆ: ಮಗಳು ಮಾತಾಡಿಸಿದರೆ ಉತ್ತರ ಕೊಡಲು ಆಗುತ್ತಿಲ್ಲ.
ಸಾಯುವ ಯೋಚನೆ: ಇದೆ. ಏನೂ ಮಾಡಿಕೊಂಡಿಲ್ಲ.
ಬೇರೆ ಕಾಯಿಲೆ, ಮಾತ್ರೆ: ಥೈರಾಯ್ಡ್ ಸರಿ ಇದೆ, ರಿಪೋರ್ಟ್ ಜೊತೆಗಿದೆ.
ಮನೆತನದಲ್ಲಿ: ಸೋದರಮಾವನಿಗೆ ಇತ್ತು ಅಂತ ಅಮ್ಮ ಹೇಳಿದ್ದಾರೆ.
ಭಯ: ಮಾತ್ರೆ ಶುರು ಮಾಡಿದರೆ ಜೀವನ ಪೂರ್ತಿ ಬೇಕಾಗುತ್ತದಾ?

ಹಾಳೆಯನ್ನು ಡಾಕ್ಟರ ಕೈಗೇ ಕೊಟ್ಟೆ. ಅವರು ಓದಿದರು, ಸಾವಿನ ಸಾಲಿನ ಹತ್ತಿರ ನಿಂತು ಮೆಲ್ಲಗೆ ಕೇಳಿದರು. ನಾನು ಬಾಯಿಬಿಟ್ಟು ಹೇಳಲಾಗದ್ದನ್ನು ಹಾಳೆ ಹೇಳಿಯಾಗಿತ್ತು. ನೀವೂ ಇದೇ ತಲೆಬರಹಗಳನ್ನು ಇಟ್ಟುಕೊಂಡು, ಪ್ರತಿಯೊಂದಕ್ಕೆ ಒಂದೇ ಸಾಲು ಬರೆಯಿರಿ. ಕೈ ಓಡದಿದ್ದರೆ ಜೊತೆಗೆ ಬರುವವರು ಕೇಳಿ ಬರೆಯಲಿ.

ಮಾತ್ರೆಗಳು

ಸಾಮಾನ್ಯವಾಗಿ ಮೊದಲು ಬರೆಯುವುದು ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್, ಫ್ಲೂಆಕ್ಸೆಟಿನ್ ಗುಂಪಿನ ಮಾತ್ರೆ. ಮೊದಲ ವಾರ ವಾಕರಿಕೆ, ತಲೆನೋವು, ಭೇದಿ, ಚಡಪಡಿಕೆ ಆಗಬಹುದು. ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ ಬರುತ್ತದೆ. ಇದನ್ನು ಯಾರೂ ಮುಂಚೆ ಹೇಳದಿದ್ದರೆ ಎಷ್ಟೋ ಜನ ಮೊದಲ ವಾರದಲ್ಲೇ ಮಾತ್ರೆ ಬಿಟ್ಟುಬಿಡುತ್ತಾರೆ. ತಿಂಡಿ ಆದಮೇಲೆ ತಗೊಂಡರೆ ವಾಕರಿಕೆ ಕಡಿಮೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಗುಣ ಕಾಣಲು ಶುರು, ಪೂರ್ತಿ ಗೊತ್ತಾಗಲು ಆರರಿಂದ ಎಂಟು ವಾರ. ಮೊದಲು ಸರಿಹೋಗುವುದು ಹೆಚ್ಚಾಗಿ ನಿದ್ದೆ, ಹಸಿವು. ಮನಸ್ಸು ತಡವಾಗಿ. ನನ್ನಲ್ಲಿ ಬದಲಾವಣೆ ಮೊದಲು ಕಂಡದ್ದು ಮಗಳಿಗೆ. ‘ಅಮ್ಮ, ನೀನು ಇವತ್ತು ಅಡುಗೆಮನೇಲಿ ಹಾಡ್ತಿದ್ದೆ’ ಅಂದಳು. ನನಗೆ ಗೊತ್ತೇ ಇರಲಿಲ್ಲ.

25 ವರ್ಷದೊಳಗಿನವರಲ್ಲಿ ಮೊದಲ ಕೆಲವು ವಾರ ಸಾವಿನ ಯೋಚನೆ ಜಾಸ್ತಿಯಾಗುವುದು ಉಂಟು. ಮನೆಯವರು ಆಗ ಹತ್ತಿರ ಇರಬೇಕು, ಹಾಗೇನಾದರೂ ಕಂಡರೆ ಅದೇ ದಿನ ಡಾಕ್ಟರಿಗೆ ಹೇಳಬೇಕು. ಯಾವ ವಯಸ್ಸಾದರೂ ಮನಸ್ಸು ತುಂಬಾ ಕೆಟ್ಟಿರುವ ದಿನಗಳಲ್ಲಿ ಮಾತ್ರೆ ಡಬ್ಬ ಬೇರೆಯವರ ಕೈಯಲ್ಲಿರಲಿ, ದಿನಕ್ಕೆ ಬೇಕಾದಷ್ಟೇ ಅವರು ಕೊಡಲಿ. ಇದನ್ನು ಅವಮಾನ ಅಂತ ಅಂದುಕೊಳ್ಳಬೇಡಿ.

ಚಟ ಹತ್ತುತ್ತದಾ? ಖಿನ್ನತೆಯ ಈ ಮಾತ್ರೆಗಳಿಗೆ ಕುಡಿತದ ಥರದ ಚಟ ಇಲ್ಲ, ದಿನ ಹೋದಂತೆ ಜಾಸ್ತಿ ಬೇಕು ಅನ್ನಿಸುವುದಿಲ್ಲ. ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ಕಿರಿಕಿರಿ ಆಗುತ್ತದೆ. ನಮ್ಮ ಪ್ರೆಸ್‌ನ ಒಬ್ಬರು ‘ಚೆನ್ನಾಗಿದ್ದೀನಲ್ಲ’ ಅಂತ ನಿಲ್ಲಿಸಿ ಒಂದು ವಾರ ಎದ್ದು ನಿಲ್ಲಲಾಗದೆ ಒದ್ದಾಡಿದರು. ನಿಲ್ಲಿಸುವುದು ಡಾಕ್ಟರ ಜೊತೆ, ಸ್ವಲ್ಪ ಸ್ವಲ್ಪವೇ. ಮೊದಲ ಸಲ ಬಂದ ಖಿನ್ನತೆಯಾದರೆ ಪೂರ್ತಿ ಹುಷಾರಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ ಅನ್ನುತ್ತಾರೆ. ಮತ್ತೆ ಮತ್ತೆ ಬಂದಿದ್ದರೆ ಇನ್ನೂ ಜಾಸ್ತಿ ಕಾಲ. ನನ್ನದು ಹಾಗೆ.

ನಿದ್ದೆಗೆ, ಆತಂಕಕ್ಕೆ ಅಂತ ಕೊಡುವ ಕ್ಲೋನಾಜೆಪಾಮ್ ಥರದ ಮಾತ್ರೆ ಬೇರೆ ಜಾತಿ. ಅದು ಅಭ್ಯಾಸವಾಗುತ್ತದೆ. ಎಷ್ಟು ದಿನಕ್ಕೆ ಅಂತ ಕೇಳಿ ಬರೆಸಿಕೊಳ್ಳಿ. ಹಳೆಯ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ತರುತ್ತಾ ಹೋಗಬೇಡಿ.

ಚಿಕ್ಕ ಚಿಕ್ಕ ಮಾತುಗಳು ಕೆಲವು. ಒಂದು ಹೊತ್ತು ಮರೆತರೆ ಮರುದಿನ ಎರಡು ನುಂಗಬೇಡಿ. ಏಕಾದಶಿ, ರಂಜಾನ್, ಯಾವುದೇ ಉಪವಾಸ ಇರಲಿ, ಯಾವ ಹೊತ್ತಿಗೆ ತಗೊಳ್ಳಬೇಕು ಅಂತ ಮುಂಚೆಯೇ ಡಾಕ್ಟರನ್ನು ಕೇಳಿ, ಮಾತ್ರೆ ಮಾತ್ರ ಬಿಡಬೇಡಿ. ಊರ ಹಬ್ಬಕ್ಕೆ ಹೋಗುವಾಗ ಎರಡು ದಿನದ್ದು ಹೆಚ್ಚಿಗೆ ಇಟ್ಟುಕೊಳ್ಳಿ. ಕುಡಿಯುವ ಅಭ್ಯಾಸ ಇದ್ದರೆ ನಿಜ ಹೇಳಿ. ಮೈಕೈ ನೋವಿಗೆ ಐಬುಪ್ರೊಫೆನ್‌ನಂಥ ಮಾತ್ರೆ ಜೊತೆಗೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಜಾಸ್ತಿ. ಬಸುರಿಯಾಗುವ ಯೋಚನೆ ಇದ್ದರೆ ಮುಂಚೆಯೇ ತಿಳಿಸಿ. ಗಂಡ ಹೆಂಡತಿ ನಡುವಿನ ಆಸೆ ಕಡಿಮೆಯಾಗುವುದು ಈ ಮಾತ್ರೆಗಳ ಗೊತ್ತಿರುವ ಪರಿಣಾಮ. ನಾಚಿಕೆಯಿಂದ ಅದನ್ನು ಹೇಳದೆ ಮಾತ್ರೆ ಬಿಡುವವರಿದ್ದಾರೆ. ಹೇಳಿದರೆ ಬೇರೆ ಮಾತ್ರೆ ಇದೆ. ಖರ್ಚು ಕಡಿಮೆ ಮಾಡಲು ಔಷಧಿಯ ಮೂಲ ಹೆಸರನ್ನು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕೇಳಿ.

ನಾನು ಮಾತ್ರೆ ಡಬ್ಬಿಯನ್ನು ಕಾಫಿ ಪುಡಿಯ ಪಕ್ಕ ಇಟ್ಟಿದ್ದೇನೆ. ಎಂಥ ಬೆಳಿಗ್ಗೆಯಾದರೂ ಅಲ್ಲಿಗೆ ಕೈ ಹೋಗುತ್ತದೆ.

ಮಾತಿನ ಚಿಕಿತ್ಸೆ

ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಷ್ಟು. ಸುಮ್ನೆ ಮನಸ್ಸು ಹಗುರ ಮಾಡಿಕೊಳ್ಳುವ ಮಾತಲ್ಲ, ಕೆಲಸ ಕೊಡುತ್ತಾರೆ, ಮುಂದಿನ ವಾರ ಕೇಳುತ್ತಾರೆ. ‘ನಾನು ಯಾರಿಗೂ ಬೇಡ’ ಅನ್ನುವ ಯೋಚನೆ ಬಂದಾಗ ಅದನ್ನು ಬರೆದು, ಅದಕ್ಕೆ ಪರ ಏನಿದೆ, ವಿರುದ್ಧ ಏನಿದೆ ಅಂತ ಎರಡು ಸಾಲಿನಲ್ಲಿ ಹಾಕಲು ನನಗೆ ಕಲಿಸಿದರು. ಕನ್ನಡದಲ್ಲಿ ಮಾತಾಡುವವರು ಬೇಕು ಅಂತ ಫೋನಿನಲ್ಲೇ ಕೇಳಿ, ಸಂಕೋಚ ಬೇಡ. ಅಮ್ಮ ಬೈದ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರೆ ಅದರ ಏಟು ಅವರಿಗೆ ತಿಳಿಯುವುದೇ ಇಲ್ಲ.

ಕೆಟ್ಟ ದಿನಕ್ಕೆ ಪಟ್ಟಿ

ಮೊದಲು ಮಾಡುವುದು, ಹುರುಪು ಆಮೇಲೆ ಬರುತ್ತದೆ. ಇದು ಮಾತಿನ ಚಿಕಿತ್ಸೆಯವರೇ ಕಲಿಸುವ ವಿಧಾನ. ಹುಷಾರಾಗಿರುವ ದಿನವೇ ಪಟ್ಟಿ ಬರೆದಿಡಿ, ಕೆಟ್ಟ ದಿನ ಯೋಚಿಸಬೇಕಾಗಬಾರದು. ನನ್ನದರಲ್ಲಿ ಮೊದಲ ಸಾಲು ‘ಕಾಲು ಕೆಳಗಿಡು’. ಆಮೇಲೆ ಮುಖ ತೊಳೆ, ಮಾತ್ರೆ, ಅವಲಕ್ಕಿ ಮೊಸರು. ಅಡುಗೆ ಆಗದ ದಿನ ಅವಲಕ್ಕಿ ಮೊಸರೂ ಊಟವೇ, ಯಾರೂ ಏನೂ ಅನ್ನಬಾರದು ಅಂತ ಮನೆಯಲ್ಲಿ ಮಾತಾಗಿದೆ. ಆಮೇಲೆ ಬಿಸಿಲು. ಭಾನುವಾರವಾದರೆ ಬಸವನಗುಡಿಯ ಕಹಳೆ ಬಂಡೆ ಪಾರ್ಕಿನವರೆಗೆ ನಡೆದು ಬರುತ್ತೇನೆ. ಆಗದಿದ್ದರೆ ಎದುರಿನ ಬೇಕರಿವರೆಗೆ. ಅದೂ ಆಗದಿದ್ದರೆ ತಾರಸಿ. ಮೂರರಲ್ಲಿ ಒಂದು ಆದರೆ ಆ ದಿನದ್ದು ಆಯಿತು.

ಕೆಲಸ ಬಿಡುವುದು, ಒಡವೆ ಮಾರುವುದು, ಸಂಬಂಧ ಕಡಿದುಕೊಳ್ಳುವುದು, ಇಂಥ ದೊಡ್ಡ ತೀರ್ಮಾನಗಳನ್ನು ಹುಷಾರಾಗುವ ತನಕ ಮುಂದಕ್ಕೆ ಹಾಕಿ. ಮನೆಯಲ್ಲಿ ಹೊಡೆತ, ಹಿಂಸೆ ಇದ್ದರೆ ಮಾತ್ರ ಕಾಯಬೇಡಿ, ಅಲ್ಲಿಂದ ಹೊರಗೆ ಬರುವುದೇ ಮೊದಲು.

ಕೆಲಸದ ಕಡೆ ಎಲ್ಲ ಹೇಳಬೇಕಿಲ್ಲ. ‘ಟ್ರೀಟ್‌ಮೆಂಟ್ ನಡೀತಿದೆ, ತಿಂಗಳಿಗೊಮ್ಮೆ ಬೆಳಿಗ್ಗೆ ರಜೆ ಬೇಕು’ ಅಂದೆ, ನಮ್ಮ ಪ್ರೆಸ್ ಮಾಲೀಕರು ಒಪ್ಪಿದರು. ನಿಮ್ಮ ಒಪ್ಪಿಗೆ ಇಲ್ಲದೆ ಡಾಕ್ಟರು ನಿಮ್ಮ ವಿಷಯವನ್ನು ಕಚೇರಿಗೆ ಹೇಳುವಂತಿಲ್ಲ, 2017ರ ಕಾಯ್ದೆಯಲ್ಲೇ ಇದೆ. ಆರೋಗ್ಯ ವಿಮೆಯಲ್ಲಿ ದೇಹದ ಕಾಯಿಲೆಗೆ ಇರುವ ಹಾಗೆಯೇ ಮನಸ್ಸಿನ ಕಾಯಿಲೆಗೂ ಅವಕಾಶ ಕೊಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ನಿಮ್ಮ ಪಾಲಿಸಿಯಲ್ಲಿ ಅಡ್ಮಿಟ್ ಆದರೆ ಮಾತ್ರವಾ, ಹೊರರೋಗಿ ಖರ್ಚೂ ಸೇರುತ್ತದಾ ಅಂತ ಬರಹದಲ್ಲಿ ಕೇಳಿ ಪಡೆಯಿರಿ.

ಜೊತೆಗಿರುವವರಿಗೆ

‘ಎಲ್ಲ ಇದೆಯಲ್ಲ, ನಿನಗೇನು ಕಮ್ಮಿ?’ ಅನ್ನಬೇಡಿ. ನಮಗೂ ಗೊತ್ತು ಎಲ್ಲ ಇದೆ ಅಂತ, ಅದಕ್ಕೇ ಇನ್ನೂ ನಾಚಿಕೆ. ‘ಏನಾದ್ರೂ ಬೇಕಾದ್ರೆ ಹೇಳು’ ಅನ್ನುವುದೂ ಕೆಲಸಕ್ಕೆ ಬರುವುದಿಲ್ಲ, ಬೇಕಾದ್ದನ್ನು ಹೇಳುವ ಶಕ್ತಿಯೇ ಇರುವುದಿಲ್ಲವಲ್ಲ. ಸಾರು ತಂದಿಡಿ. ಮಗುವನ್ನು ಟ್ಯೂಷನ್ನಿಗೆ ಬಿಟ್ಟು ಬನ್ನಿ. ಪಕ್ಕದಲ್ಲಿ ಕೂತು ಹುರುಳಿಕಾಯಿ ಬಿಡಿಸಿ, ಮಾತಾಡದಿದ್ದರೂ ನಡೆಯುತ್ತದೆ. ‘ಸಾಯಬೇಕು ಅನ್ನಿಸುತ್ತಾ?’ ಅಂತ ನೇರವಾಗಿ ಕೇಳಲು ಹೆದರಬೇಡಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಹೇಳಿಕೊಳ್ಳಲು ದಾರಿಯಾಗುತ್ತದೆ.

ಮತ್ತೆ ಬಂದರೆ

ಖಿನ್ನತೆ ಮರಳಿ ಬರಬಹುದು. ಬರುವ ಮುಂಚೆ ಸುಳಿವು ಕೊಡುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಥರ. ನನಗೆ ನಾಲ್ಕು: ಬೆಳಗಿನ ಜಾವದ ಎಚ್ಚರ, ಫೋನ್ ಎತ್ತದಿರುವುದು, ತಲೆಗೆ ಎಣ್ಣೆ ಹಚ್ಚಿಕೊಳ್ಳದೆ ವಾರ ಕಳೆಯುವುದು, ಪ್ರೂಫಿನಲ್ಲಿ ಒಂದೇ ಸಾಲಿನ ಮೇಲೆ ಕಣ್ಣು ನಿಲ್ಲುವುದು. ಇದನ್ನು ಬರೆದು ಡಾಕ್ಟರ ಫೈಲಿನಲ್ಲಿ ಇಟ್ಟಿದ್ದೇನೆ, ಅಕ್ಕನ ಫೋನಿನಲ್ಲೂ ಇದೆ. ಇದರಲ್ಲಿ ಎರಡು ಒಂದು ವಾರದಷ್ಟು ಕಂಡರೆ ನನ್ನನ್ನು ಕೇಳದೆಯೇ ಅವಳು ಅಪಾಯಿಂಟ್‌ಮೆಂಟ್ ತಗೊಳ್ಳಬಹುದು. ‘ನಾನು ಚೆನ್ನಾಗೇ ಇದ್ದೀನಿ’ ಅಂತ ಆಗ ನಾನು ಎಷ್ಟೇ ಹೇಳಿದರೂ ಕೇಳಬೇಡ ಅಂತ, ಹುಷಾರಾಗಿರುವಾಗಲೇ ಅವಳಿಗೆ ಹೇಳಿಟ್ಟಿದ್ದೇನೆ.